ಮಧ್ಯಾಹ್ನದ ಅಪ್ಪಣೆ

ತಣ್ಣಗೆ, ಕತ್ತಿನ ಹಿಂದೆ, ಒಂದು ಹನಿ ಹೊರಟು ಬೆನ್ನಗುಂಟ ಇಳಿದು ರವಿಕೆಯ ಅಂಚಿನಲ್ಲಿ ಇಂಗಿತು, ಅದು ಇಂಗುವ ಮೊದಲೇ ಇನ್ನೊಂದು ಹೊರಟಿತು — ಒದ್ದೆ ಟವೆಲನ್ನು ಕತ್ತಿಗೆ ಸುತ್ತಿ, ತೆಗೀಬೇಡಮ್ಮ, ತೆಗೆದ್ರೆ ನೋಡು ಅಂತ ಬೆರಳಾಡಿಸಿ ಮಗಳು ತೇಜಶ್ರೀ ಅಡುಗೆಮನೆಗೆ ಹೋಗಿದ್ದಾಳೆ, ಪಿಳ್ಳಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ, ಚಾಮರಾಜಪೇಟೆಯ ಈ ಮೊದಲ ಮಹಡಿಯ ಮನೆಯಲ್ಲಿ ಅವಳಿಗೀಗ ಇದೊಂದೇ ಕೆಲಸ, ಕೂರುವುದು, ಕೂತಲ್ಲೇ ಕುಡಿಯುವುದು. ಬೆಳಗಾದರೆ ನಿಂಬೆಹಣ್ಣಿನ ನೀರು, ಆಮೇಲೆ ಮಜ್ಜಿಗೆ, ಆಮೇಲೆ ಆ ಪೊಟ್ಟಣದ ಪುಡಿ ಕಲಸಿದ ನೀರು — ಉಪ್ಪೂ ಅಲ್ಲ, ಸಿಹಿಯೂ ಅಲ್ಲ, ಕಣ್ಣೀರಿಗೆ ಸಕ್ಕರೆ ಹಾಕಿದ ಹಾಗೆ — ಆಮೇಲೆ ಎಳನೀರು, ಅಷ್ಟು ಹೊತ್ತಿಗೆ ಬಚ್ಚಲಿಗೆ ಓಟ, ಎದ್ದರೆ ಬಚ್ಚಲು, ಒಳಗೆ ಹೋದರೆ ಚಿಲಕ, ತಿರುಗಿಸಿದರೆ ನಲ್ಲಿ, ರಾಣಿಯ ಬಾಳು ಅಂದರೆ ಇದೇ ಇರಬೇಕು, ರಾಣಿಯರು ಇಷ್ಟೊಂದು ಸಲ ಹೋಗುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು. ತೋಟದಲ್ಲಿ ಇದೆಲ್ಲ ಉಂಟೇ, ಮಾಗಡಿ ರಸ್ತೆಯಾಚೆ ಮರಿಯಣ್ಣನ ತೋಟದಲ್ಲಿ ಹುರುಳಿಕಾಯಿ ಬಿಡಿಸುವ ಹೆಂಗಸರು ಬೆಳಿಗ್ಗೆ ಕುಡಿದ ಕಾಫಿಯ ಮೇಲೆ ಸಂಜೆಯ ತನಕ ಬಾಯಿ ಒದ್ದೆ ಮಾಡಿಕೊಳ್ಳುತ್ತಾರೆಯೇ ಹೊರತು ಕುಡಿಯುವುದಿಲ್ಲ, ಕುಡಿದರೆ ಹೋಗಬೇಕು, ಹೋಗುವುದು ಎಲ್ಲಿಗೆ, ಗಿಡ ಮೊಣಕಾಲೆತ್ತರ, ಗಿಡದಾಚೆ ಡಾಂಬರು ರಸ್ತೆ, ರಸ್ತೆಯಾಚೆ ಹೊಸ ಲೇಔಟಿನ ಗಾರೆ ಕೆಲಸದವರು ಸಾಲಾಗಿ ನಿಂತಿರುತ್ತಾರೆ. ಮುಕ್ಕಳಿಸಿ ಉಗೀರಮ್ಮ, ನುಂಗಬೇಡಿ ಅಂತ ಗುಂಪಿಗೆ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳಿದವಳು ಈ ಪಿಳ್ಳಮ್ಮನೇ, ಈಗ ನೋಡಿದರೆ ಬೆಳಗಿನಿಂದ ಹತ್ತಿರ ಹತ್ತಿರ ಒಂದು ಬಿಂದಿಗೆ ಇಳಿಸಿಕೊಂಡು ಕೂತಿದ್ದಾಳೆ, ಹೊಟ್ಟೆ ಅಲ್ಲಾಡಿಸಿದರೆ ಕುಲುಕುಲು ಅನ್ನುತ್ತದೆ.

ಕೆಳಗೆ ಬೀದಿಯಲ್ಲಿ ಏಲಕ್ಕಿ ಕುಟ್ಟುತ್ತಿದ್ದಾರೆ, ರಾಮನವಮಿಯಲ್ಲವೇ, ಶಾಮಿಯಾನ ಕಟ್ಟಿ ಡ್ರಮ್ಮಿನಲ್ಲಿ ಪಾನಕ ಕಲಸುತ್ತಿದ್ದಾರೆ, ಶುಂಠಿಯ ಘಾಟು ಮೆಟ್ಟಿಲು ಹತ್ತಿಕೊಂಡು ಬಂದು ಮೂಗಿನಲ್ಲಿ ಕೂತಿದೆ, ಕುಡ್ಕೊಂಡ್ ಹೋಗಿ ಸಾರ್, ಅಕ್ಕ ಬನ್ನಿ, ಇನ್ನೊಂದ್ ಲೋಟ ತಗೊಳ್ಳಿ, ಏನೂ ಆಗಲ್ಲ — ಈ ಪೇಟೆಯಲ್ಲಿ ದಾರಿಹೋಕರನ್ನು ಕೂಗಿ ಕೂಗಿ ಕುಡಿಸುತ್ತಾರೆ, ಕೆಲಸವಿಲ್ಲದವರಿಗೂ ಬಾಯಾರಿಕೆ ಆಗುತ್ತದೆ ಅಂತ ಇವರಿಗೆ ಗೊತ್ತಿದೆ, ಪುಣ್ಯವಂತರು. ಪಾನಕ ಕುಡಿಯಲೇಬೇಕು, ತೇಜಶ್ರೀ ಬಿಟ್ಟರೆ, ಅಳಿಯ ಗೌರೀಶನಾದರೆ ಬಿಡುತ್ತಾನೆ, ಮೊನ್ನೆ ವಿಶ್ವೇಶ್ವರಪುರದ ತಿಂಡಿ ಬೀದಿಯಿಂದ ಬಿಸಿ ಹೋಳಿಗೆ ಪೇಪರಿನಲ್ಲಿ ಸುತ್ತಿ ತಂದು, ಅತ್ತೆ, ಬೇಗ ಬಾಯಿಗೆ ಹಾಕ್ಕೊಳ್ಳಿ, ಅವಳು ಸ್ನಾನಕ್ಕೆ ಹೋಗಿದಾಳೆ ಅಂದ, ತುಪ್ಪ ಮೊಣಕೈವರೆಗೆ ಇಳಿಯಿತು, ಅಂಥ ಅಳಿಯ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು. ಆದರೆ ಇವತ್ತು ಪಾನಕವೂ ಹೋಳಿಗೆಯೂ ಗಂಟಲಲ್ಲಿ ಸಲೀಸಾಗಿ ಇಳಿಯುವಂತಿಲ್ಲ, ಬೆಳಿಗ್ಗೆ ಗೆಳತಿ ಕಾವೇರಮ್ಮ ಫೋನು ಮಾಡಿ ಕಿವಿಯ ಪೊರೆ ಹರಿಯುವ ಹಾಗೆ ಕಿರುಚಿದ್ದಾಳೆ, ಪಿಳ್ಳೀ, ಬತ್ತಾ ಇದೀವಿ ಕಣೆ, ಮಾರ್ಕೆಟ್ಟಲ್ಲಿ ಮೂಟೆ ಇಳಿಸ್ಬಿಟ್ಟು ಅಲ್ಲಿಂದ ನಡ್ಕಂಡೇ ಬತ್ತೀವಿ, ಮರಿಯಣ್ಣನೂ ಬತ್ತಾವ್ನೆ, ಸೀರೆ ತಂದವ್ನೆ, ತೆಂಗಿನಕಾಯಿ ತಂದವ್ನೆ, ನಿನ್ ಹತ್ರ ಅಪ್ಪಣೆ ಕೇಳ್ತಾನಂತೆ. ಅಪ್ಪಣೆ! ತೋಟದ ಯಜಮಾನ ಕೂಲಿಯವಳ ಹತ್ತಿರ ಅಪ್ಪಣೆ ಕೇಳುವುದು ಯಾವ ಕಾಲದಲ್ಲಿತ್ತು, ಕೇಳುವುದು ಅವಳನ್ನಲ್ಲ, ಅವಳ ಮೈಮೇಲೆ ಬಂದ ದೇವಿಯನ್ನು, ಬಿಸಿಲೇರಿದ ಮೇಲೆ ಇಳಿಯುವ ತನಕ ತೋಟಕ್ಕೆ ಹೆಂಗಸರು ಕಾಲಿಡಬಾರದು ಅಂತ ಅವತ್ತು ಆ ದೇವಿ ನುಡಿದಳಂತೆ, ಪಿಳ್ಳಮ್ಮನ ಬಾಯಿಂದಲೇ ನುಡಿದಳಂತೆ, ಪಿಳ್ಳಮ್ಮನಿಗೆ ಮಾತ್ರ ಅದರ ಒಂದಕ್ಷರವೂ ನೆನಪಿಲ್ಲ. ಅಂದಿನಿಂದ ಮರಿಯಣ್ಣ ಮಧ್ಯಾಹ್ನದ ಕೆಲಸ ನಿಲ್ಲಿಸಿದ್ದಾನೆ, ಹೆಂಗಸರೆಲ್ಲ ಹೊಂಗೆ ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದಾರೆ, ಈಗ ಮದುವೆಯ ಕಾಲ, ಊಟದ ಎಲೆಗೆಲ್ಲ ಹುರುಳಿಕಾಯಿ ಪಲ್ಯ ಬೇಕು, ಕಾಯಿ ಗಿಡದಲ್ಲೇ ಬಲಿತು ನಾರಾಗುತ್ತಿದೆ, ಮಂಡಿಯವನು ಬೈಯುತ್ತಿದ್ದಾನೆ, ಆದ್ದರಿಂದ ದೇವಿಯ ಕೈಕಾಲು ಹಿಡಿದು ಮಾತು ಬದಲಿಸಿಕೊಂಡು ಹೋಗಲು ಮರಿಯಣ್ಣ ಬರುತ್ತಿದ್ದಾನೆ.

ಏನು ನೆನಪಿದೆ, ಏನಿಲ್ಲ — ಸಾಲು ನೆನಪಿದೆ, ಬಗ್ಗಿದ ಬೆನ್ನು, ಎಲೆ ಸರಿಸಿ ಕಾಯಿ ಹುಡುಕುವ ಬೆರಳು, ಸೀರೆಯ ಮೇಲೆ ಗೌರೀಶನ ಹಳೆಯ ತುಂಬುತೋಳಿನ ಶರ್ಟು ಹಾಕಿಕೊಂಡಿದ್ದಳು, ಅದರ ಜೇಬಿನ ಮೇಲೆ ಅವನ ಬ್ಯಾಂಕಿನ ಗುರುತು, ಬೇಗ ಬೇಗ ಕೀಳೇ ಮ್ಯಾನೇಜರಮ್ಮ ಅಂತ ಪಕ್ಕದ ಸಾಲಿನಿಂದ ಕಾವೇರಮ್ಮ ರೇಗಿಸುತ್ತಾಳೆ, ತಲೆಗೆ ಟವೆಲು, ಟವೆಲಿನೊಳಗೆ ತಲೆ ಅನ್ನದ ತಪ್ಪಲೆಯ ಹಾಗೆ ಕೊತಕೊತ, ಬೆವರು ಹುಬ್ಬಿನಿಂದ ಕಣ್ಣಿಗೆ, ಕಣ್ಣಿನಿಂದ ಬಾಯಿಗೆ, ಮತ್ತೆ — ಅದು ಯಾವಾಗ ನಿಂತಿತು? ನಿಂತಿತ್ತು. ಮುಖ ಒರೆಸಿಕೊಂಡರೆ ಒಣಗಿದ ಮುಖ. ಗಾಳಿ ಬಂತು ಕಣೆ ಕಾವೇರಿ, ತಂಪಾಯ್ತು ಅಂದಳು, ಅಂದದ್ದು ನೆನಪಿದೆ, ಎಲೆ ಒಂದೂ ಅಲ್ಲಾಡುತ್ತಿರಲಿಲ್ಲ ಎನ್ನುವುದೂ ನೆನಪಿದೆ, ಆಗ ಅದು ವಿಚಿತ್ರ ಅನಿಸಲಿಲ್ಲ, ಮೈಮೇಲೆಲ್ಲ ಮುಳ್ಳು ಎದ್ದಿತು, ಚೈತ್ರದ ಬಿಸಿಲಲ್ಲಿ ಚಳಿ, ಅದಕ್ಕೂ ನಗು ಬಂತು, ನಗುತ್ತಾ ಇನ್ನೊಂದು ಕಾಯಿಗೆ ಕೈ ಹಾಕಿದರೆ ಸಾಲು ತಾನಾಗಿಯೇ ಎದ್ದು ಮುಖದ ಹತ್ತಿರ ಬಂತು, ಮಣ್ಣು ಇಷ್ಟು ಹತ್ತಿರ ಯಾಕೆ ಬಂತು ಅಂದುಕೊಂಡಳು. ಆಮೇಲೆ ಬರೀ ಧ್ವನಿಗಳು. ದೇವಿ ಬಂದವ್ಳೆ, ದೇವಿ ಬಂದವ್ಳೆ, ದಾರಿ ಬಿಡ್ರೇ — ಅದು ಕಾವೇರಮ್ಮನ ಗಂಟಲು, ಊರಿಗೆಲ್ಲ ಒಂದೇ ಗಂಟಲು — ಯಾರು ತಾಯಿ ನೀನು, ಮಾರಮ್ಮನಾ, ಪಟಾಲಮ್ಮನಾ, ಹೇಳು ತಾಯಿ, ಏನು ಬೇಕು ನಿಂಗೆ. ಪಿಳ್ಳಮ್ಮ ಕಣೆ, ದಿನಾ ನೋಡ್ತೀಯಲ್ಲ ಅಂತ ಹೇಳಬೇಕು, ನಾಲಿಗೆ ಬಾಯಿಗೆ ಅಂಟಿಕೊಂಡಿದೆ, ಕೈಕಾಲು ತನ್ನವಲ್ಲ, ತಾವೇ ಕುಣಿಯುತ್ತಿವೆ. ನೀರು ಕೇಳ್ತಾವ್ಳೆ ಮರಿಯಣ್ಣೋರೆ, ಅರಿಶಿನದ ನೀರು ಕೇಳ್ತಾವ್ಳೆ, ಓಡಿ! ಮರಿಯಣ್ಣ ಓಡುತ್ತಾನೆ, ಆ ದಪ್ಪ ಹೊಟ್ಟೆಯ ಮರಿಯಣ್ಣ ಪಂಚೆ ಎತ್ತಿಕೊಂಡು ತೋಟದ ಮನೆಗೆ ಓಡುತ್ತಾನೆ, ಆಮೇಲೆ ನೀರು, ಅಬ್ಬಾ, ಬಿಂದಿಗೆ ಬಿಂದಿಗೆ ನೀರು, ತಲೆಗೆ, ಎದೆಗೆ, ಕಂಕುಳಿಗೆ, ಹಳದಿ ನೀರು, ಬೇವಿನ ಸೊಪ್ಪು ಕೆನ್ನೆಗೆ ಹತ್ತುತ್ತದೆ, ಕಣ್ಣು ಬಿಟ್ಟರೆ ಬಿಂದಿಗೆಯ ಮೇಲೆ ಕಾವೇರಮ್ಮನ ಮುಖ ತಲೆಕೆಳಗಾಗಿ ಕಾಣುತ್ತದೆ — ಅದೊಂದು ಮುಖ ಮಾತ್ರ ಅಚ್ಚೊತ್ತಿದ ಹಾಗೆ ಉಳಿದಿದೆ, ಏನೋ ಸರಿಯಿಲ್ಲ ಅದರಲ್ಲಿ, ಬಾಯಿಗೂ ಕಣ್ಣಿಗೂ ತಾಳೆಯಿಲ್ಲ, ಏನು ಅಂತ ತಿಳಿಯುವುದಿಲ್ಲ. ಆಮೇಲೆ ಟೆಂಪೋ, ಹುರುಳಿಕಾಯಿ ಮೂಟೆಗಳ ಮೇಲೆ ಒದ್ದೆ ಗೋಣಿಚೀಲ ಹೊದ್ದು ಮಲಗಿ ಪಿಳ್ಳಮ್ಮ ಬೆಂಗಳೂರಿಗೆ ಬಂದಳು.

ದೇವಿಯಂತೆ, ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅದನ್ನು ಕೇಳಿ ನಗಲಿಲ್ಲ, ಪಾಪ, ಒಳ್ಳೆಯವಳು, ಕೈಗೆ ಸೂಜಿ ಚುಚ್ಚುತ್ತಾ ಹೇಳಿದಳು, ಇದು ಹೀಟ್ ಸ್ಟ್ರೋಕ್ ಅಮ್ಮ, ಬಿಸಿಲು ಬಡಿದಿದೆ, ಬೆವರು ನಿಂತುಹೋದ್ರೆ ಮೈ ಒಳಗೇ ಬೇಯುತ್ತೆ, ಗಾಡಿ ಹತ್ತಿಸೋಕ್ ಮೊದ್ಲೇ ನೀರು ಸುರಿದಿದ್ದಕ್ಕೆ ಉಳ್ಕೊಂಡ್ರಿ. ತೇಜಶ್ರೀಗೆ ಅದೇ ವೇದವಾಕ್ಯ, ಅವಳದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ರಕ್ತ ಸುಳ್ಳು ಹೇಳಲ್ಲಮ್ಮ, ನೀನೂ ಹೇಳ್ಬೇಡ, ಮರಿಯಣ್ಣ ಮಾವ ಬಂದ್ರೆ ನೆಟ್ಟಗೆ ಹೇಳು, ದೇವಿ ಗೀವಿ ಏನಿಲ್ಲ, ಬಿಸಿಲು ಅಂತ. ಹೇಳಿದರೆ? ಹೇಳಿದರೆ ಮರಿಯಣ್ಣ ಏನನ್ನುತ್ತಾನೆ ಅಂತ ಪಿಳ್ಳಮ್ಮನಿಗೆ ಬಾಯಿಪಾಠ, ಓ ಬಿಸಿಲಾ, ಬಿಸಿಲು ನಮ್ಮಪ್ಪನ ಕಾಲದಲ್ಲಿ ಇರ್ಲಿಲ್ವಾ, ತಲೆಗೆ ಟವೆಲ್ ಹಾಕ್ಕಳಿ, ಒಂದ್ ಲೋಟ ನಿಂಬೆಹಣ್ಣಿನ ನೀರು ಕುಡೀರಿ, ಇಳೀರಿ ತೋಟಕ್ಕೆ. ಕೆಟ್ಟವನಲ್ಲ ಮರಿಯಣ್ಣ, ಅವನೂ ಬಿಸಿಲಲ್ಲೇ ಬೆಳೆದವನು, ಅದೇ ತೊಂದರೆ, ಬಿಸಿಲಿಗೆ ಅವನು ಹೆದರುವುದಿಲ್ಲ, ದೇವಿಗೆ ಹೆದರುತ್ತಾನೆ. ಬೋರ್ವೆಲ್ಲು ಬತ್ತಿದ ಮೇಲೆ ಟ್ಯಾಂಕರಿನಲ್ಲಿ ತರಿಸುವ ನೀರನ್ನು ಗಿಡಕ್ಕೆ ಬಿಟ್ಟರೆ ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ, ಡ್ರಮ್ಮಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು, ಕಲ್ಲಿನ ಮೇಲೆ ಮರಿಯಣ್ಣನ ಕಣ್ಣು. ಹಾಗಾದರೆ ದೇವಿಯೇ ಅಂತ ಹೇಳಿಬಿಡಲೇ, ಕಣ್ಣು ಮೇಲೆ ಮಾಡಿ, ನಾಲಿಗೆ ಚಾಚಿ, ಹೂಂ ಅಂತ ಒಂದು ಸಲ ತೂಗಾಡಿಬಿಟ್ಟರೆ ಮುಗಿಯಿತು, ಊರಿನ ಮೂಲೆಮನೆಯವಳಿಗೆ ಶುಕ್ರವಾರ ಶುಕ್ರವಾರ ಬರುವುದಿಲ್ಲವೇ, ಬಾಯಲ್ಲಿ ದೇವಿ, ಕಣ್ಣು ಕೋಳಿಸಾರಿನ ಮೇಲೆ, ತೊಡೆ ಪೀಸು ಹಾಕುವ ತನಕ ಇಳಿಯುವುದಿಲ್ಲ ಆ ದೇವಿ, ಅವಳನ್ನು ಅಣಕಿಸಿ ಅಣಕಿಸಿ ಇಡೀ ತೋಟವನ್ನು ನಗಿಸುತ್ತಿದ್ದವಳು ಈಗ ತಾನೇ ತೂಗಾಡುವುದು ಹೇಗೆ. ಅದೂ ಹೋಗಲಿ, ಪಿಳ್ಳಮ್ಮನಿಗೆ ಸುಳ್ಳು ಬರುವುದಿಲ್ಲ, ಬರುವುದಿಲ್ಲ ಎಂದರೆ ಹರಿಶ್ಚಂದ್ರನ ಮನೆತನ ಅಂತಲ್ಲ, ಹೇಳಲು ಹೊರಟರೆ ನಗು ಬಂದುಬಿಡುತ್ತದೆ, ಮಗಳನ್ನು ನೋಡಲು ಬಂದ ಗಂಡಿನವರ ಮುಂದೆ ಉಪ್ಪಿಟ್ಟು ಇವಳೇ ಮಾಡಿದ್ದು ಅಂತ ಶುರು ಮಾಡಿ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದವಳು ಅವಳು, ಆಮೇಲೂ ಆ ಉಪ್ಪಿಟ್ಟನ್ನೇ ಎರಡನೇ ಸಲ ಹಾಕಿಸಿಕೊಂಡದ್ದರಿಂದ ಗೌರೀಶ ಅಳಿಯನಾದ.

ನಗುವ ಹೊತ್ತಲ್ಲ ಇದು, ಪಿಳ್ಳಮ್ಮ ಟವೆಲಿನ ತುದಿ ಹಿಂಡಿದಳು, ತಣ್ಣನೆ ನೀರು ಕೈಗೆ ಬಂತು, ಈಗ ತೋಟದಲ್ಲಿ ಎಲ್ಲರೂ ಹೊಂಗೆಯ ಕೆಳಗೆ ಹೊರಳಿರುತ್ತಾರೆ, ಶಿವಾನಿಯೂ. ಶಿವಾನಿ ಕಾವೇರಮ್ಮನ ಸೊಸೆ, ಹೋದ ವರ್ಷ ಮದುವೆಯಾಗಿ ಬಂದವಳು, ಈಗ ಬಸುರಿ, ಮನೇಲಿರೆ ಅಂದರೆ ಕೇಳುವುದಿಲ್ಲ, ಮನೇಲಿ ಕೂತ್ರೆ ಬೇಜಾರು ದೊಡ್ಡಮ್ಮ, ನಿಮ್ ಜೊತೆ ಇದ್ರೆ ನಗ್ತಾ ಇರ್ತೀನಿ ಅಂತ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸಾಲಿಗೆ ಇಳಿಯುತ್ತಾಳೆ, ಅವಳೂ ನೀರು ಕುಡಿಯುವುದಿಲ್ಲ, ಬಸುರಿಗೆ ಮೊದಲೇ ಹತ್ತು ಸಲ ಹೋಗಬೇಕು, ಆದ್ದರಿಂದ ಅವಳು ಎಲ್ಲರಿಗಿಂತ ಕಡಿಮೆ ಕುಡಿಯುತ್ತಾಳೆ. ಸಾಲು ಎದ್ದು ಶಿವಾನಿಯ ಮುಖದ ಹತ್ತಿರ ಬಂದರೆ? ಬೇಡ, ಆ ಯೋಚನೆಯೇ ಬೇಡ, ಏಲಕ್ಕಿ, ಏಲಕ್ಕಿಯ ವಾಸನೆ ನೋಡು, ಎಷ್ಟು ಚೆನ್ನಾಗಿದೆ — ಬಂದರೆ? ಮಧ್ಯಾಹ್ನದ ಆ ಹೊತ್ತು ಉಳಿಯಬೇಕು, ಹೇಗಾದರೂ ಉಳಿಯಬೇಕು, ಸುಳ್ಳು ಹೇಳಿದರೆ ನಗು ಬಂದು ಉಳಿಯುವುದಿಲ್ಲ, ನಿಜ ಹೇಳಿದರೆ ಮರಿಯಣ್ಣ ನಿಟ್ಟುಸಿರು ಬಿಟ್ಟು ಸೀರೆ ವಾಪಸು ತೆಗೆದುಕೊಂಡು ಹೋಗುತ್ತಾನೆ, ಸೀರೆ ಹೋಗಲಿ, ಹೋಗಲಿ ಅಂದರೂ ಯಾವ ಬಣ್ಣದ್ದೋ ಏನೋ. ನಿಜವಾಗಲೂ ದೇವಿಯೇ ಬಂದಿದ್ದರೆ ಎಷ್ಟು ಸಲೀಸಾಗುತ್ತಿತ್ತು, ಒಂದು ಸಲ ಬಂದು ಹೋಗು ತಾಯಿ, ಈಗ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಗುವ ಮೊದಲು. ದೇವಿ ಬರಲಿಲ್ಲ, ಚಪ್ಪಲಿ ಸದ್ದು ಬಂತು.

ಕಾವೇರಮ್ಮ ಮೊದಲು, ಕೈಯಲ್ಲಿ ಪಾನಕದ ಲೋಟ, ಮೀಸೆಯ ಜಾಗದಲ್ಲಿ ಪಾನಕ, ಎಲ್ಲಿ ನಮ್ ಮ್ಯಾನೇಜರಮ್ಮ ಅನ್ನುತ್ತಾ ಬಂದವಳು ಹಿಂದೆ ಮರಿಯಣ್ಣ ಇದ್ದಾನೆ ಅಂತ ನೆನಪಾಗಿ ಗಕ್ಕನೆ ನಿಂತು ಕೈ ಮುಗಿದಳು, ಎಲ್ಲಿ ನಮ್ ತಾಯಿ. ಮರಿಯಣ್ಣ ಒಗೆದ ಪಂಚೆ ಉಟ್ಟಿದ್ದಾನೆ, ಹಣೆಗೆ ಕುಂಕುಮ ಇಟ್ಟಿದ್ದಾನೆ, ಮಾರ್ಕೆಟ್ಟಿನಿಂದ ನಡೆದು ಬಂದದ್ದಕ್ಕೆ ಕುಂಕುಮ ಬೆವರಿನ ಜೊತೆ ಮೂಗಿನ ಮೇಲೆ ಇಳಿದಿದೆ, ಬೆವರುತ್ತಿದ್ದಾನೆ, ಒಳ್ಳೆಯದು, ಬೆವರಲಿ, ಅಂತ ಪಿಳ್ಳಮ್ಮನ ಕಣ್ಣು ಮೊದಲು ಅದನ್ನೇ ನೋಡಿತು, ಈಚೆಗೆ ಯಾರು ಸಿಕ್ಕಿದರೂ ಅವಳು ನೋಡುವುದು ಅದನ್ನೇ. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಕೃಷ್ಣರಾಜ ಮಾರುಕಟ್ಟೆಯ ಮೊಳ ಮೊಳ ಮಲ್ಲಿಗೆ, ಸೀರೆ — ಹಸಿರು, ಅಂಚು ಕೆಂಪು, ಅಯ್ಯೋ ಚೆನ್ನಾಗಿದೆ — ತಟ್ಟೆ ಕುರ್ಚಿಯ ಮುಂದೆ ಇಟ್ಟು, ತೇಜಶ್ರೀ ಬನ್ನಿ ಮಾವ, ಮೇಲೆ ಕೂತ್ಕೊಳ್ಳಿ ಅಂದರೂ ಕೇಳದೆ ನೆಲದ ಮೇಲೆ ಕೂತ. ಹೆಂಗಿದೀಯ ತಾಯಿ ಅಂದ. ದೇವಿಗೂ ನೀನು ಅನ್ನುತ್ತಾರೆ, ಕೂಲಿಯವಳಿಗೂ ನೀನು ಅನ್ನುತ್ತಾರೆ, ಯಾರನ್ನು ಕೇಳುತ್ತಿದ್ದಾನೋ ಗೊತ್ತಾಗದೆ ಪಿಳ್ಳಮ್ಮ, ಚೆನ್ನಾಗಿದೀನಿ ಮರಿಯಣ್ಣ ಅಂದಳು. ತಾಯಿ, ನಿನ್ ಮಾತು ಮೀರ್ಲಿಲ್ಲ ನಾನು, ಮಧ್ಯಾಹ್ನ ಒಂದು ನರಪಿಳ್ಳೇನೂ ತೋಟಕ್ಕೆ ಇಳಿದಿಲ್ಲ, ಆದ್ರೆ ಕಾಯಿ ಬಲಿತೋಗ್ತೈತೆ, ಲಗ್ನ ಮುಗಿಯೋಗಂಟ ಒಂದೀಟು ಸಡಿಲ ಮಾಡ್ಕೊಡು, ಆಷಾಢ ಬಂದ್ರೆ ನಾನೇ ಎಲ್ಲಾರ್ನೂ ಮನೇಲಿ ಮಲಗುಸ್ತೀನಿ, ಏನು ಅಪ್ಪಣೆ ಆಗುತ್ತೆ. ಕರ್ಪೂರ ಹಚ್ಚಿದ. ತೇಜಶ್ರೀ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು, ಅವಳ ಕಣ್ಣು ಹೇಳಮ್ಮ ಅನ್ನುತ್ತಿತ್ತು, ಹೇಳಬೇಕು, ಮಗಳು ನೋಡುತ್ತಿದ್ದಾಳೆ, ಕಾವೇರಮ್ಮನೂ ನೋಡುತ್ತಿದ್ದಾಳೆ, ಅವಳು ಬೇಡ ಕಣೆ ಅನ್ನುವ ಹಾಗೆ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳೇ, ಇಲ್ಲವೇ, ಕರ್ಪೂರದ ಹೊಗೆ ಅಡ್ಡ ಬಂತು. ಮರಿಯಣ್ಣ, ನನ್ ಮೈಮೇಲೆ ಯಾರೂ ಬಂದಿರ್ಲಿಲ್ಲ, ಅದು ಬಿಸಿಲು ಅಂದುಬಿಟ್ಟಳು.

ಅಂದಾಯಿತು, ಮುಗಿಯಿತು, ಹೊಂಗೆಯ ನೆರಳು ಹೋಯಿತು. ಮರಿಯಣ್ಣನ ಬಾಯಿ ತೆರೆದುಕೊಂಡಿತು, ಅದರಿಂದ ಮಾತು ಹೊರಡುವ ಮೊದಲೇ ಕಾವೇರಮ್ಮ ದಬ್ಬನೆ ನೆಲಕ್ಕೆ ಬಿದ್ದಳು, ಕೇಳುಸ್ಕಂಡ್ರಾ ಮರಿಯಣ್ಣೋರೆ, ನಾನು ಬಂದಿರ್ಲಿಲ್ಲ, ಬಿಸಿಲನ್ನ ಕಳಿಸಿದ್ದೆ ಅಂತಾವ್ಳೆ ತಾಯಿ! ಏಯ್ ಕಾವೇರಿ, ಸುಮ್ನಿರೆ, ಮಾತಾಡ್ತಿರೋದು ನಾನು, ಪಿಳ್ಳಮ್ಮ — ಹೌದು ತಾಯಿ, ಹೌದು, ಪಿಳ್ಳಮ್ಮನ ಬಾಯಲ್ಲಿ ನೀನೇ. ಅಯ್ಯೋ ಇವಳ, ಪಿಳ್ಳಮ್ಮನಿಗೆ ರೇಗಿಹೋಯಿತು, ಎದ್ದು ನಿಂತಳು, ಟವೆಲು ಜಾರಿ ಕತ್ತಿನಿಂದ ಕೆಳಗೆ ಬಿತ್ತು, ತುರುಬು ಬಿಚ್ಚಿಕೊಂಡಿತು, ಒದ್ದೆ ಕೂದಲು ಮುಖದ ಮೇಲೆ, ಮರಿಯಣ್ಣ, ನೆಟ್ಟಗೆ ಕೇಳು, ದೇವಿ ಇಲ್ಲ ಏನಿಲ್ಲ, ಬಿಸಿಲು ಅಷ್ಟೇ, ಮತ್ತೆ ಮಧ್ಯಾಹ್ನ ಹೆಂಗಸ್ರನ್ನ ಇಳಿಸಿದ್ರೆ ಇನ್ನೊಬ್ಳು ಬೀಳ್ತಾಳೆ, ಅವ್ಳು ಏಳಲ್ಲ, ಶಿವಾನಿ ಹೊಟ್ಟೇಲಿ ಮಗು ಐತೆ, ನೀನು ಇಳಿದ್ರೆ ನೀನೂ ಬೀಳ್ತೀಯ, ಬಿಸಿಲು ಯಜಮಾನ ಅಂತ ನೋಡಲ್ಲ! ನಿಜ, ಪ್ರತಿ ಅಕ್ಷರ ನಿಜ, ಅದಕ್ಕೇ ನಗು ಬರಲಿಲ್ಲ, ಧ್ವನಿ ಎಲ್ಲಿಂದಲೋ ಹೊಟ್ಟೆಯ ಆಳದಿಂದ ಎದ್ದು ಗೋಡೆಗೆ ಬಡಿದು ಬಂತು, ಕೆಳಗೆ ಬೀದಿಯಲ್ಲಿ ಪಾನಕ ಕುಡಿಯುತ್ತಿದ್ದವರು ಕತ್ತೆತ್ತಿ ನೋಡಿದರು. ಮರಿಯಣ್ಣ ಉದ್ದಕ್ಕೆ ಅಡ್ಡಬಿದ್ದ, ತಪ್ಪಾಯ್ತು ತಾಯಿ, ಇನ್ನು ಆ ಮಾತು ಎತ್ತಲ್ಲ, ಮಳೆ ಬರೋಗಂಟ ಮಧ್ಯಾಹ್ನದ ಕೆಲಸ ಇಲ್ಲ, ಇನ್ನೇನು ಮಾಡ್ಬೇಕು ಹೇಳು, ಮಾಡ್ತೀನಿ. ಇನ್ನೇನು ಅಂತ ಕೇಳುತ್ತಿದ್ದಾನೆ, ಕೇಳಿದವನಿಗೆ ಹೇಳದಿರುವುದು ಹೇಗೆ, ಹೇಳುವುದೇನು ಸುಳ್ಳಲ್ಲವಲ್ಲ, ಕುಡಿಯೋಕೆ ನೀರು ಇಡು ಅಂದಳು, ಇಡ್ತೀನಿ ಅಂದ, ಡ್ರಮ್ಮಿನ ಮೇಲಿನ ಕಲ್ಲು ತೆಗಿ, ತೆಗೀತೀನಿ, ಹೆಂಗಸ್ರು ಹೋಗೋಕೆ ಒಂದು ತಗಡಿನ ಮರೆ ಕಟ್ಟಿಸು, ಬಾಗ್ಲು ಇಡ್ಸು, ಒಳಗಡೆಯಿಂದ ಚಿಲಕ ಹಾಕ್ಸು. ಚಿಲಕ ಅನ್ನುವಾಗ ಮರಿಯಣ್ಣ ತಲೆಯೆತ್ತಿ ಒಂದು ಗಳಿಗೆ ನೋಡಿದ, ಯಾವ ದೇವಿಯೂ ಚಿಲಕ ಕೇಳಿದ್ದು ಅವನ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಬೆರಳು ಮಡಚಿ ಅದನ್ನೂ ಸೇರಿಸಿಕೊಂಡ, ಬೆರಳು ಮಡಚಿದ ಆ ರೀತಿ ನೋಡಿ ಪಿಳ್ಳಮ್ಮನಿಗೆ ನಗು ಉಕ್ಕಿತು, ತಡೆಯಲು ಹೋದಷ್ಟೂ ಉಕ್ಕಿತು, ಗಹಗಹಿಸಿ ನಕ್ಕಳು, ಆ ನಗು ಕೇಳಿ ಮರಿಯಣ್ಣ ಇನ್ನೊಂದು ಸಲ ಅಡ್ಡಬಿದ್ದು, ತಟ್ಟೆಯನ್ನು ಅಲ್ಲೇ ಬಿಟ್ಟು, ಟೆಂಪೋದವ್ನು ಕಾಯ್ತಾವ್ನೆ ಅಂತ ಮೆಟ್ಟಿಲಿಳಿದ. ನೀನು ಸುಳ್ಳು ಹೇಳ್ಲಿಲ್ಲಮ್ಮ, ನಾನೇ ಸಾಕ್ಷಿ ಅಂದಳು ತೇಜಶ್ರೀ, ಸೌಟಿನಿಂದ ಸಾರು ತೊಟ್ಟಿಕ್ಕುತ್ತಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಕಾವೇರಮ್ಮ ಮಾತ್ರ ಹೋಗಲಿಲ್ಲ, ನಲ್ಲಿ ಇರೋ ಬಚ್ಚಲು ಸಿಕ್ಕೈತೆ, ಬಿಟ್ಟು ಹೋಗ್ತೀನಾ ಅಂತ ಒಳಗೆ ಹೋಗಿ, ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿ, ಮುಖ ತೊಳೆದುಕೊಂಡು ಬಂದು ಕುರ್ಚಿಯ ಪಕ್ಕ ನೆಲಕ್ಕೆ ಕೂತಳು, ಹೊಸ ಸೀರೆಯ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು, ಚೆನ್ನಾಗೈತೆ, ಬಣ್ಣ ಬಿಡಲ್ಲ. ಅಲ್ಲ ಕಣೆ ಕಾವೇರಿ, ನಿಜ ಹೇಳಿದ್ರೂ ದೇವಿ ಅಂತೀಯಲ್ಲ, ಬಿಸಿಲು ಅಂತ ಡಾಕ್ಟರು ಹೇಳಿದಾರೆ, ನಂಬಲ್ವಾ ನೀನು ಅಂದಳು ಪಿಳ್ಳಮ್ಮ. ಡಾಕ್ಟರು ಹೇಳ್ಬೇಕಾ ನಂಗೆ, ಅಂದಳು ಕಾವೇರಮ್ಮ, ಸೀರೆಯಿಂದ ಕಣ್ಣು ತೆಗೆಯದೆ, ಅವಳ ಗಂಟಲು ಇದ್ದಕ್ಕಿದ್ದಂತೆ ಸಣ್ಣದಾಗಿತ್ತು, ಅಷ್ಟು ಸಣ್ಣ ಗಂಟಲು ಅವಳಿಗಿದೆ ಅಂತ ಇಷ್ಟು ವರ್ಷದಲ್ಲಿ ಪಿಳ್ಳಮ್ಮನಿಗೆ ಗೊತ್ತಿರಲಿಲ್ಲ. ನಮ್ಮವ್ವ ಹೋಗಿದ್ದು ಹಿಂಗೇ ಕಣೆ, ಟೊಮೆಟೊ ತೋಟದಲ್ಲಿ, ನಾನು ಪಕ್ಕದಲ್ಲೇ ಇದ್ದೆ, ಗಾಳಿ ಬಂತು ಮಗಾ, ತಂಪಾಯ್ತು ಅಂದ್ಲು, ಅಷ್ಟೇ ಕೊನೆ ಮಾತು, ಅವತ್ತು ನೀನು ಅದೇ ಮಾತು ಅಂದ್ಯಲ್ಲ, ಎದೆ ಧಸಕ್ಕಂತು ನಂಗೆ, ನೀರು ಬೇಕಿತ್ತು ಪಿಳ್ಳಿ, ಆಗ್ಲೇ ಬೇಕಿತ್ತು, ಬಿಸಿಲು ಬಡಿದೈತೆ ಅಂದಿದ್ರೆ ಮರಿಯಣ್ಣ ಒಂದು ಲೋಟ ನೀರು ಕೊಡೋನು, ದೇವಿ ಅಂದೆ, ಡ್ರಮ್ಮೇ ಕೊಟ್ಟ. ಅಂದರೆ ಆ ಅಪ್ಪಣೆ? ನೀನೆಲ್ಲಿ ಮಾತಾಡೋ ಸ್ಥಿತೀಲಿದ್ದೆ, ಹೂಂ ಹೂಂ ಅಂತಿದ್ದೆ, ಅದಕ್ಕೆ ಅರ್ಥ ಹೇಳಿದ್ದು ನಾನು, ಅಂದು ಕಾವೇರಮ್ಮ ಮೂಗು ಒರೆಸಿಕೊಂಡು ನಕ್ಕಳು. ಕೆಳಗೆ ಬೀದಿಯಲ್ಲಿ ಕೂಗುತ್ತಿದ್ದರು, ಅಕ್ಕ ಬನ್ನಿ ಇನ್ನೊಂದ್ ಲೋಟ ತಗೊಳ್ಳಿ, ತೇಜಶ್ರೀ ಊಟಕ್ಕೆ ನಿಲ್ಲಿ ಅಂತ ಏನೋ ಹೇಳುತ್ತಿದ್ದಳು, ಪಿಳ್ಳಮ್ಮನಿಗೆ ಯಾವುದೂ ಕೇಳಿಸಲಿಲ್ಲ, ಕಾವೇರಮ್ಮನ ಕೈ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು, ಈ ಮುಖವಲ್ಲ, ಆ ಮುಖ, ತಲೆಕೆಳಗಾಗಿ, ಬಿಂದಿಗೆಯ ಮೇಲೆ, ಹಳದಿ ನೀರು ಸುರಿಯುತ್ತಿದೆ, ಸುರಿಯುತ್ತಿದೆ, ಬಾಯಿ ತಾಯೀ ತಾಯೀ ಅನ್ನುತ್ತಿದೆ, ಕಣ್ಣು ಪಿಳ್ಳೀ ಪಿಳ್ಳೀ ಅನ್ನುತ್ತಿದೆ —